ಬೆಂಕಿ, ಮಣಿ ಮತ್ತು 150 ಎಎಚ್

ಬೆಂಗಳೂರಿನ ಗಿರಿನಗರದ ಮನೆಗಳಲ್ಲಿ ಯುಪಿಎಸ್ ಬ್ಯಾಟರಿ ಮೆಟ್ಟಿಲ ಕೆಳಗೋ ಬಾಲ್ಕನಿಯ ಮೂಲೆಯಲ್ಲೋ ಕೂತಿರುತ್ತದೆ. ಮೈಮೇಲೆ ‘12 ವಿ, 150 ಎಎಚ್, ಸಿ20’ ಎಂಬ ಬರಹ. ಕರೆಂಟ್ ಇರುವಾಗ, ಬ್ಯಾಟರಿ ಸುಮ್ಮನಿರುವಾಗ, ಆ ನೂರೈವತ್ತು ಆಂಪಿಯರ್-ಗಂಟೆ ಎಲ್ಲಿರುತ್ತದೆ?

ಇದು ಹಳೆಯ ಪ್ರಶ್ನೆ. ನಮ್ಮ ದಾರ್ಶನಿಕರು ಇದನ್ನು ಬೆಂಕಿಯ ಮೇಲಿಟ್ಟು ಶತಮಾನಗಳ ಕಾಲ ವಾದಿಸಿದರು. ಒಂದು ಬಗೆಯ ಮಣಿಯನ್ನು ಹತ್ತಿರ ತಂದರೆ ಬೆಂಕಿ ಸುಡುವುದಿಲ್ಲವೆಂಬುದು ಅಂದಿನ ನಂಬಿಕೆ. ಬೆಂಕಿ ಕಣ್ಣಿಗೆ ಹಾಗೇ ಇದೆ, ಆದರೂ ಸುಡುತ್ತಿಲ್ಲ. ಅಂದಮೇಲೆ ಕಾಣುವ ಬೆಂಕಿಯಲ್ಲಿ ಕಾಣದ ‘ಶಕ್ತಿ’ಯೊಂದಿದೆ ಎಂದರು ಮೀಮಾಂಸಕರು. ನ್ಯಾಯದರ್ಶನದವರಾದ ನೈಯಾಯಿಕರು ಒಪ್ಪಲಿಲ್ಲ. ಸುಡಲು ಬೆಂಕಿ ಬೇಕು, ತಡೆ ಇರಬಾರದು, ಅಷ್ಟೇ. ಮೂರನೆಯದೇಕೆ ಎಂಬುದು ಅವರ ವಾದ. 14ನೇ ಶತಮಾನದ ನೈಯಾಯಿಕ ಗಂಗೇಶ ‘ತತ್ತ್ವಚಿಂತಾಮಣಿ’ಯಲ್ಲಿ ಈ ಚರ್ಚೆಗೆ ಕೈಹಾಕಿದ್ದಾನೆ.

ಬ್ಯಾಟರಿಯ ಲೆಕ್ಕ ಮೊದಮೊದಲು ನೈಯಾಯಿಕರ ಕಡೆಗೇ ವಾಲುತ್ತದೆ. 12 ವೋಲ್ಟ್ ಎಂದರೆ ತಲಾ 2 ವೋಲ್ಟಿನ ಆರು ಸೆಲ್‌ಗಳು. ಸೀಸ ಮತ್ತು ಆ್ಯಸಿಡ್ ಸೇರಿದರೆ ಸೆಲ್ ದೊಡ್ಡದಿರಲಿ ಚಿಕ್ಕದಿರಲಿ ಅಷ್ಟೇ ವೋಲ್ಟ್. 150 ಎಎಚ್ ಹಾಗಲ್ಲ. 7.5 ಆಂಪಿಯರ್‌ನಂತೆ 20 ಗಂಟೆ ಸಾವಕಾಶವಾಗಿ ಎಳೆದರೆ ಮಾತ್ರ ಅದು 150. ಸಿ20 ಹೇಳುವುದು ಇದನ್ನೇ. ಫ್ಯಾನು, ಟಿವಿ, ದೀಪ ಎಲ್ಲ ಸೇರಿ 40 ಆಂಪಿಯರ್ ಎಳೆದರೆ ಕಾಗದದ ಮೇಲೆ ಮೂರೂಮುಕ್ಕಾಲು ಗಂಟೆ, ನಿಜಕ್ಕೆ ಮೂರು ಗಂಟೆಯೂ ಕಷ್ಟ. 1897ರಲ್ಲಿ ಜರ್ಮನಿಯ ಪ್ಯೂಕರ್ಟ್ ಈ ನಷ್ಟವನ್ನು ಸೂತ್ರಕ್ಕಿಳಿಸಿದ. ಅಂದರೆ ಆ 150 ಒಳಗೆ ಅಡಗಿ ಕೂತ ಶಕ್ತಿಯಲ್ಲ, ಎಳೆಯುವ ಬಗೆಗೆ ತಕ್ಕ ಲೆಕ್ಕ.

ಹಳೆಯ ಬ್ಯಾಟರಿಗೆ ಮೀಟರ್ ಹಿಡಿದರೆ ಕೆಲವೊಮ್ಮೆ 12.6 ವೋಲ್ಟ್ ತೋರಿಸುತ್ತದೆ. ಲೋಡ್ ಬಿದ್ದೊಡನೆ 10.5ಕ್ಕೆ ಕುಸಿದು ಯುಪಿಎಸ್ ಕೂಗುತ್ತದೆ. ಬೆಂಕಿ ಕಾಣುತ್ತಿದೆ, ಸುಡುತ್ತಿಲ್ಲ! ಇಲ್ಲಿ ಮಣಿಯೂ ಕೈಗೆ ಸಿಗುವಂಥದ್ದು: ಪ್ಲೇಟುಗಳ ಮೇಲೆ ಗಟ್ಟಿಯಾಗಿ ಕೂತ ಸೀಸದ ಸಲ್ಫೇಟ್.

ಆದರೆ ಈ ಮಣಿ ಹೊರಗಿನಿಂದ ಬಂದದ್ದಲ್ಲ, ಪ್ಲೇಟಿನ ಸೀಸವೇ ಹಾಗಾಗಿದೆ. ನೈಯಾಯಿಕರ ವಾದ ಕುಂಟುವುದು ಇಲ್ಲೇ. ಇಲ್ಲಿ ಶಂಕರರ ಮಾತು ನೆರವಿಗೆ ಬರುತ್ತದೆ. ಮೊಸರು ಹಾಲಿನಿಂದಲೇ ಏಕೆ, ಮಣ್ಣಿನಿಂದ ಏಕಾಗದು ಎಂದು ಅವರು ಬ್ರಹ್ಮಸೂತ್ರಭಾಷ್ಯದಲ್ಲಿ ಕೇಳುತ್ತಾರೆ. ಶಕ್ತಿ ಇದೆ, ಆದರೆ ಅದು ಕಾರಣಕ್ಕಿಂತ ಬೇರೆಯಲ್ಲ, ಕಾರಣದ ಸ್ವರೂಪವೇ ಎಂಬುದು ಅವರ ಉತ್ತರ. ಹೆಚ್ಚು ಎಎಚ್ ಬ್ಯಾಟರಿ ಹೆಚ್ಚು ತೂಗುವುದು ಅದರಲ್ಲಿ ಹೆಚ್ಚು ಸೀಸವಿರುವುದರಿಂದ. ಆ ಸೀಸ ಸಲ್ಫೇಟಾಗಿ ಗಟ್ಟಿಯಾದಷ್ಟೂ 150 ಕರಗುತ್ತದೆ, ಮೈಮೇಲಿನ ಅಂಕಿ ಮಾತ್ರ ಹಾಗೇ ಇರುತ್ತದೆ.