ನಿಕಟಪೂರ್ವರಿಗೊಂದು ಕೆಲಸ

ಬಂಟರ ಸಂಘ ಮುಂಬಯಿಗೆ ಜೋಗೇಶ್ವರಿ–ದಹಿಸರ್ ಪ್ರಾದೇಶಿಕ ಸಮಿತಿ ಎಂಬುದೊಂದಿದೆ. ಇಂಥ ಸಮಿತಿಗಳ ಕಾರ್ಯಕ್ರಮಕ್ಕೆ ಹೋಗಿ ಬರುವವರಿಗೆಲ್ಲ ನಿಕಟಪೂರ್ವ ಕಾರ್ಯಾಧ್ಯಕ್ಷರ ಪರಿಚಯ ಇದ್ದೇ ಇರುತ್ತದೆ. ವೇದಿಕೆಯ ಕೊನೆಯ ಕುರ್ಚಿ, ಒಂದು ಹೂಗುಚ್ಛ, ಎರಡು ನಿಮಿಷದ ಮಾತು. ಮರುವರ್ಷದಿಂದ ಕೆಲವರು ಸಭಾಗೃಹದತ್ತ ತಲೆ ಹಾಕುವುದಿಲ್ಲ. ಕೆಲವರು ಬಂದು, ಊಟದ ಸಾಲಿನಲ್ಲೇ ‘ನಮ್ಮ ಕಾಲದಲ್ಲಿ...’ ಎಂದು ಶುರು ಹಚ್ಚಿಕೊಳ್ಳುತ್ತಾರೆ. ಎಲ್ಲೋ ಒಬ್ಬರು ಮಾತ್ರ ತೋಳು ಮಡಚಿ ಸಾರಿನ ಬಕೆಟ್ ಎತ್ತಿಕೊಂಡು ಬಡಿಸಲು ಹೊರಡುತ್ತಾರೆ. ಮೂವತ್ತು ವರ್ಷ ಸೊರಗದೆ ಸಮಾಜದ ಕೆಲಸದಲ್ಲಿ ಉಳಿಯುವವರು ಇವರೇ.

ಮುಂಬಯಿಯ ನಮ್ಮ ಕರಾವಳಿಯವರ ಸಂಘಗಳ ನಾಯಕರಲ್ಲಿ ಬಹಳಷ್ಟು ಮಂದಿ ಹೋಟೆಲಿನವರು. 1978ರಲ್ಲಿ ಶುರುವಾದ ಭಾರತ್ ಬ್ಯಾಂಕನ್ನು ದೀರ್ಘಕಾಲ ಮುನ್ನಡೆಸಿದ, 2020ರಲ್ಲಿ ತೀರಿಕೊಂಡ ಜಯ ಸಿ. ಸುವರ್ಣರೂ ಹೋಟೆಲ್ ಉದ್ಯಮದಿಂದಲೇ ಬಂದವರು. ಇದು ಬರೀ ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ. ಭಾನುವಾರ ಸಂಜೆ ಎಷ್ಟೇ ಹಾರ ಬೀಳಲಿ, ಸೋಮವಾರ ಬೆಳಕು ಹರಿಯುವ ಮೊದಲೇ ಇಡ್ಲಿ ಬೇಯಲೇಬೇಕು. ಅಡುಗೆ ಭಟ್ರು ಹೇಳದೆ ಊರಿಗೆ ಹೋಗಿದ್ದರೆ ಅಧ್ಯಕ್ಷರೇ ಗಲ್ಲಾ ಬಿಟ್ಟು ಒಳಗೆ ಹೋಗಿ ದೋಸೆ ಹುಯ್ಯಬೇಕು. ‘ಸಮಾಜರತ್ನ’ ಎಂದು ಕರೆಸಿಕೊಂಡ ಕಿವಿಗೆ ಹನ್ನೆರಡು ಗಂಟೆ ಕಳೆಯುವುದರೊಳಗೆ ‘ಶೆಟ್ರೇ, ಸಾಂಬಾರ್ ತಣ್ಣಗಾಗಿದೆ’ ಎಂಬ ಮಾತೂ ಬೀಳುತ್ತದೆ. ತಲೆ ತಿರುಗದಂತೆ ನೋಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಮದ್ದು ಯಾವ ತರಬೇತಿ ಶಿಬಿರದಲ್ಲೂ ಸಿಗಲಿಕ್ಕಿಲ್ಲ.

ಪೂರ್ಣಾವಧಿ ನಾಯಕರಿಗೆ ಈ ಅನುಕೂಲವಿಲ್ಲ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1949ರಲ್ಲಿ ಈ ನಗರಕ್ಕೆ ಬರಿಗೈಯಲ್ಲಿ ಬಂದರು, 1967ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಘಟಾನುಘಟಿ ಎಸ್.ಕೆ. ಪಾಟೀಲರಂಥವರನ್ನು ಸೋಲಿಸಿದರು, 1974ರಲ್ಲಿ ಮುಷ್ಕರ ಹೂಡಿ ದೇಶದ ರೈಲುಗಳನ್ನೇ ನಿಲ್ಲಿಸಲು ಹೊರಟರು, ರಕ್ಷಣಾ ಸಚಿವರೂ ಆದರು. 2009ರಲ್ಲಿ ಆರೋಗ್ಯದ ಕಾರಣ ಹೇಳಿ ಪಕ್ಷ ಟಿಕೆಟ್ ಕೊಡಲಿಲ್ಲ. 78ರ ಜಾರ್ಜ್ ಮುಜಫ್ಫರಪುರದಲ್ಲಿ ಪಕ್ಷೇತರರಾಗಿ ನಿಂತು ಸೋತರು. ಅವರ ಹಟವನ್ನು ಆಡಿಕೊಳ್ಳುವುದು ಸುಲಭ. ಆದರೆ ಹೋರಾಟವೊಂದನ್ನೇ ಉಸಿರಾಡಿದವರು ಹೋರಾಟದಿಂದ ಎದ್ದು ಹೋಗುವುದಾದರೂ ಎಲ್ಲಿಗೆ?

ಈ ಪ್ರಶ್ನೆ ಅವರೊಬ್ಬರದಲ್ಲ, ಕುರ್ಚಿ ಕೊಟ್ಟು ಕಿತ್ತುಕೊಳ್ಳುವ ನಮ್ಮದೂ ಹೌದು. ಇಳಿದವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರೆ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಅವರಿಗೆ ಕೊಡಬಹುದಾದ ಕೆಲಸಗಳಿವೆ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದವರ ಮನೆಗಳಿಗೆ ಹೋಗಿ ನೋಡಿ ಬರುವವರು ಬೇಕು. ಆಸ್ಪತ್ರೆಗೆ ಸೇರಿದವರ ಬಿಲ್ಲಿನ ವಿಷಯ ಮಾತಾಡಲು ಅನುಭವಸ್ಥರು ಬೇಕು. ಪೊವಾಯಿಯಲ್ಲಿ ಬಂಟರ ಸಂಘದ್ದೇ ಎಸ್.ಎಂ. ಶೆಟ್ಟಿ ಶಾಲೆಯಿದೆ, ಅಲ್ಲಿನ ಮಕ್ಕಳಿಗೆ ಮುಂಬಯಿಗೆ ಬಂದ ಕಥೆ ಹೇಳುವವರು ಬೇಕು. ಇವುಗಳಿಗೆ ವೇದಿಕೆ ಬೇಡ, ಮೈಕ್ ಬೇಡ. ಮುಂದಿನ ಮಹಾಸಭೆಯಲ್ಲಿ ಸನ್ಮಾನದ ಪಟ್ಟಿ ಓದುವಾಗ, ನಿಕಟಪೂರ್ವರ ಹೆಸರಿನ ಮುಂದೆ ಇಂಥದೊಂದು ಕೆಲಸವನ್ನೂ ಬರೆದು ಓದಿ.