ಲಾಭದ ಚಾಂಚಲ್ಯವೂ ಗೃಹಸ್ಥನ ಧರ್ಮವೂ

ಷೇರುಪೇಟೆಯ ನಾಯಕತ್ವವು ಲಕ್ಷ್ಮಿಯಂತೆಯೇ ಚಂಚಲವಾದುದು. 2022ರಲ್ಲಿ ತೈಲದ ಬೆಲೆಯೇರಿ ಅಮೆರಿಕದ ಪೇಟೆಯಲ್ಲಿ ಇಂಧನ ಕಂಪನಿಗಳು ಅಗ್ರಸ್ಥಾನದಲ್ಲಿದ್ದುವು; ಮರುವರ್ಷವೇ ಆ ಪಟ್ಟವು ತಂತ್ರಜ್ಞಾನದ ಕಂಪನಿಗಳ ಪಾಲಾಯಿತು. ಇಂತಹ ಅನಿತ್ಯದಲ್ಲಿ ಹಣ ತೊಡಗಿಸುವ ಗೃಹಸ್ಥನಿಗೆ ಧರ್ಮಸಮ್ಮತವಾದ ದೃಷ್ಟಿ ಯಾವುದು?

ಸಾಗರ ಸೀಮೆಯಲ್ಲಿ ಈ ಅನಿತ್ಯತೆಗೊಂದು ಪ್ರತ್ಯಕ್ಷ ಪ್ರಮಾಣವುಂಟು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊಸನಗರವನ್ನು ಹಾದುಬರುವ ಶರಾವತಿಗೆ, 1948ರಲ್ಲಿ ಆರಂಭವಾದ ಜೋಗದ ವಿದ್ಯುದಾಗಾರದ ಸಲುವಾಗಿ ಹಿರೇಭಾಸ್ಕರದಲ್ಲಿ ಕಟ್ಟಿದ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಎದ್ದೊಡನೆ ಅದರ ಜಲರಾಶಿಯಲ್ಲಿಯೇ ಮುಳುಗಿತು. ಕಡುಬೇಸಗೆಯಲ್ಲಿ ನೀರಿಳಿದಾಗ ಅದರ ಸಾಲು ಸೈಫನ್ನುಗಳು ಕೆಸರು ಮೆತ್ತಿಕೊಂಡು ಮೇಲೇಳುತ್ತವೆ. ಕೆಟ್ಟುದರಿಂದಲ್ಲ, ತನಗಿಂತ ಹಿರಿದಾದುದು ಬಂದುದರಿಂದ ಅದು ಮುಳುಗಿತು. ಆದುದರಿಂದ ಇಂದಿನ ಅಗ್ರೇಸರನನ್ನು ಶಾಶ್ವತನೆಂದು ನಂಬದೆ, ಮೂಲಧನವನ್ನು ಹಲವೆಡೆ ಹಂಚಿ, ಸಾಲದ ಹಣವನ್ನು ಪೇಟೆಗೆ ಸುರಿಯದಿರುವುದೇ ವಿವೇಕ.

ಆದರೆ ವಿವೇಕವಷ್ಟೇ ಧರ್ಮವಾಗದು. ಲಿಂಗನಮಕ್ಕಿಯ ನೀರಿನಿಂದ ಹುಟ್ಟಿದ ಬೆಳಕು ನಾಡಿಗೆಲ್ಲ ಹರಿದರೂ, ತೋಟಗದ್ದೆಗಳನ್ನು ಆ ನೀರಿಗೊಪ್ಪಿಸಿ ಎದ್ದುಹೋದ ಕುಟುಂಬಗಳ ಭೂಹಕ್ಕಿನ ಪ್ರಶ್ನೆ ಇಂದಿಗೂ ಪೂರ್ಣವಾಗಿ ಬಗೆಹರಿದಿಲ್ಲ. ಗೀತೆಯು ಫಲದ ಆಸಕ್ತಿಯನ್ನು ತೊರೆಯೆಂದಿತೇ ಹೊರತು, ಆ ಫಲವು ಯಾರ ನಷ್ಟದಿಂದ ಬಂದಿತೆಂಬ ವಿಚಾರವನ್ನು ತೊರೆಯೆನ್ನಲಿಲ್ಲ. ಇಂಧನದ ಷೇರನ್ನು ಕೊಂಡವನು ಲಾಭಾಂಶದಲ್ಲಿ ಹೇಗೋ ಹಾಗೆಯೇ ಅಂತಹ ನಷ್ಟದ ಋಣದಲ್ಲಿಯೂ ಭಾಗಿ. ಮುಳುಗಿದ ನೆಲಕ್ಕೂ ಮಲಿನವಾದ ಗಾಳಿಗೂ ಕಂಪನಿಯು ಏನು ತೆತ್ತಿತೆಂದು ಅದರ ಲೆಕ್ಕಪತ್ರದಲ್ಲಿ ಹುಡುಕದವನ ಗಳಿಕೆಯು, ಎಷ್ಟೇ ಹೆಚ್ಚಿದರೂ, ನ್ಯಾಯಾರ್ಜಿತವೆನಿಸದು.