ದೀರ್ಘಕಾಲದ ಕಾಯಿಲೆ ಮತ್ತು ಕರ್ಮವಿಚಾರ

ಪೂರ್ತಿ ವಾಸಿಯಾಗದೆ, ಹಾಗೆಂದು ಬೇಗ ಪ್ರಾಣವನ್ನೂ ತೆಗೆಯದೆ ವರ್ಷಗಟ್ಟಲೆ ಮೈಯಲ್ಲಿ ಉಳಿದುಬಿಡುವ ಸಕ್ಕರೆ ಕಾಯಿಲೆ, ಹೃದ್ರೋಗ, ಸಂಧಿವಾತಗಳು ರೋಗಿಯ ಮುಂದೆ ಎರಡು ಪ್ರಶ್ನೆಗಳನ್ನು ಇಡುತ್ತವೆ: ಇದು ತನಗೇ ಏಕೆ ಬಂದಿತು ಎಂಬುದೊಂದು, ಇದರೊಡನೆ ಬಾಳುವುದು ಹೇಗೆ ಎಂಬುದು ಇನ್ನೊಂದು. ಎರಡನೆಯದಕ್ಕೆ ವೈದ್ಯಶಾಸ್ತ್ರದಲ್ಲಿ ಮಾತ್ರೆಯುಂಟು, ಪಥ್ಯವುಂಟು. ಮೊದಲನೆಯದಕ್ಕೆ ಅದು ಹೇಳುವ ವಂಶವಾಹಿ, ಆಹಾರ, ವಯಸ್ಸು ಮುಂತಾದ ಕಾರಣಗಳು ಸಾವಿರಾರು ಜನರ ಸಮೂಹಕ್ಕೆ ಸಲ್ಲುವವೇ ಹೊರತು, ಅದೇ ಮನೆಯಲ್ಲಿ ಅದೇ ರೊಟ್ಟಿ ತಿಂದ ಅಣ್ಣನನ್ನು ಬಿಟ್ಟು ತಮ್ಮನನ್ನೇ ರೋಗ ಹಿಡಿದುದೇಕೆ ಎಂಬುದನ್ನು ತಿಳಿಸುವುದಿಲ್ಲ. ಮಹಾರಾಷ್ಟ್ರದ ದಕ್ಷಿಣ ಸೋಲಾಪುರ ತಾಲೂಕಿನ ಭಂಡಾರಕವಠೆಯಂಥ ಕನ್ನಡ ಮನೆಮಾತಿನ ಊರುಗಳಲ್ಲಿ ಈ ತೆರವನ್ನು ತುಂಬುವುದು ಹಣೆಬರಹದ ಮಾತು, ಹಿಂದಿನ ಜನ್ಮದಲ್ಲಿ ಪಡೆದುಕೊಂಡು ಬಂದದ್ದೆಂಬ ಮಾತು.

ಇಂಥ ಮಾತು ರೋಗಿಯನ್ನು ಕೈಕಟ್ಟಿ ಕೂರಿಸುತ್ತದೆ ಎಂಬ ಬಹುಕಾಲದ ಆಕ್ಷೇಪವನ್ನು ಆಸ್ಪತ್ರೆಯ ವಾರ್ಡುಗಳಲ್ಲಿಯೇ ಪರೀಕ್ಷಿಸಿದವರು ಅಲಹಾಬಾದ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಅಜಿತ್ ಕೆ. ದಲಾಲ್. ರೋಗಿಯ ನಂಬಿಕೆ, ಭಾವನೆ, ನಡವಳಿಕೆಗಳಿಗೂ ದೇಹಸ್ಥಿತಿಗೂ ಇರುವ ನಂಟನ್ನು ಶೋಧಿಸುವ ಆರೋಗ್ಯ ಮನಶ್ಶಾಸ್ತ್ರವು ಭಾರತದಲ್ಲಿ ಇನ್ನೂ ಎಳೆಯದಾಗಿದ್ದ ಕಾಲದಲ್ಲಿ, ಅಂದರೆ 1988ರಲ್ಲಿ, ಅವರು ನಮಿತಾ ಪಾಂಡೆ ಅವರೊಡನೆ ಅಪಘಾತದಿಂದ ತಾತ್ಕಾಲಿಕವಾಗಿ ಇಲ್ಲವೆ ಶಾಶ್ವತವಾಗಿ ಅಂಗವಿಕಲರಾದವರ ಮಾನಸಿಕ ಚೇತರಿಕೆಯ ಅಧ್ಯಯನವೊಂದನ್ನು ಪ್ರಕಟಿಸಿದರು. ಮುಂದೆ ದೀರ್ಘರೋಗಿಗಳ ಕಡೆಗೂ ಹೊರಳಿದ ಆ ದಾರಿ 2016ರಲ್ಲಿ ಆರೋಗ್ಯದ ನಂಬಿಕೆಗಳನ್ನು ಕುರಿತ ಗ್ರಂಥವಾಗಿ ಹೊರಬಂದಿತು. ಈ ಅಧ್ಯಯನಗಳಲ್ಲಿ ಕಾಣುವ ರೋಗಿಗಳು, ಕಾಯಿಲೆಯ ಕಾರಣ ಕೇಳಿದಾಗ ದೈವೇಚ್ಛೆಯನ್ನೂ ಕರ್ಮವನ್ನೂ ಹೆಸರಿಸಿದರೂ, ಗುಣವಾಗುವ ಬಗೆ ಕೇಳಿದಾಗ ವೈದ್ಯರನ್ನೂ ಮನೆಯವರನ್ನೂ ತಮ್ಮನ್ನೂ ನೆಚ್ಚುತ್ತಾರೆ. ಹಿಂದಣದ್ದನ್ನು ಕರ್ಮಕ್ಕೆ ಒಪ್ಪಿಸಿ ಮುಂದಣದ್ದನ್ನು ಕೈಯಲ್ಲಿಟ್ಟುಕೊಳ್ಳುವ ಈ ಹಂಚಿಕೆಯನ್ನು ಅಸಂಗತವೆನ್ನುವುದು ಆತುರದ ತೀರ್ಪಾದೀತು.

ಏಕೆಂದರೆ ಆಯುರ್ವೇದ ಶಾಸ್ತ್ರವೂ ಇದನ್ನೇ ಹೇಳುತ್ತದೆ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಆಯುಸ್ಸು ಮೊದಲೇ ನಿಶ್ಚಿತವೇ ಎಂದು ಶಿಷ್ಯ ಅಗ್ನಿವೇಶ ಕೇಳಿದಾಗ, ಅದು ದೈವ ಮತ್ತು ಪುರುಷಕಾರ, ಅಂದರೆ ಹಿಂದಿನ ಜನ್ಮದ ಕರ್ಮ ಮತ್ತು ಈ ಜನ್ಮದ ಪ್ರಯತ್ನ, ಇವೆರಡರ ಬಲಾಬಲವನ್ನು ಅವಲಂಬಿಸಿದೆಯೆಂದು ಗುರು ಆತ್ರೇಯ ಉತ್ತರಿಸುತ್ತಾನೆ. ಎಲ್ಲವೂ ನಿಶ್ಚಿತವಾಗಿದ್ದರೆ ಔಷಧಕ್ಕೆ ಅರ್ಥವೇ ಇರುತ್ತಿರಲಿಲ್ಲ ಎಂಬುದು ಅಲ್ಲಿಯ ವಾದ. ಕೆರೆ ಕಟ್ಟಿಸಿದ ಕರ್ಮಯೋಗಿಯೆಂದು ಶಿವಶರಣ ಸಿದ್ಧರಾಮನನ್ನು ಪೂಜಿಸುವ ಸೋಲಾಪುರದ ಸೀಮೆಗೆ ಪ್ರಯತ್ನದ ಈ ಪಕ್ಷ ಹೊಸದೇನೂ ಅಲ್ಲ.

ಆದರೂ ಕರ್ಮವಾದಕ್ಕೆ ಒಂದು ಕ್ರೂರ ಮುಖವಿದೆ, ಅದು ತರ್ಕದಲ್ಲಿಲ್ಲ, ಆಡುವ ಬಾಯಲ್ಲಿದೆ. ರೋಗಿಯೇ ತನ್ನ ಪಾಲಿಗೆ ಬಂದದ್ದೆಂದು ಹೇಳಿಕೊಂಡಾಗ ಅದು ಸಮಾಧಾನ. ನೋಡಲು ಬಂದ ನೆಂಟರು ಅದನ್ನೇ ಆಡಿದರೆ ಆರೋಪ. ಕುಷ್ಠವನ್ನು ಪಾಪಫಲವೆಂದು ಬಗೆದು ರೋಗಿಗಳನ್ನು ಊರಾಚೆ ಇರಿಸಿದ್ದು ಈ ಎರಡನೆಯ ಬಗೆಯ ಮಾತು. ತತ್ತ್ವದ ಮಟ್ಟದಲ್ಲಿ ವಾಕ್ಯ ಒಂದೇ ಆಗಿರಬಹುದು, ನೈತಿಕವಾಗಿ ಮಾತ್ರ ಅವು ಬೇರೆಬೇರೆ ಕ್ರಿಯೆಗಳು. ಪರರ ಹಿಂದಿನ ಜನ್ಮವನ್ನು ಬಲ್ಲೆನೆನ್ನುವ ಅಧಿಕಾರ ಕರ್ಮಸಿದ್ಧಾಂತವನ್ನು ಒಪ್ಪಿದವರಿಗೂ ಇಲ್ಲ. ನಂಬಿಕೆಯನ್ನು ಒಂದು ಅಂಕಿಯಾಗಿ ಅಳೆಯುವ ಪ್ರಶ್ನಾವಳಿಗಳು ಈ ವ್ಯತ್ಯಾಸವನ್ನು ಸುಲಭವಾಗಿ ಹಿಡಿಯಲಾರವು.

ಮನೆಯಲ್ಲಿ ಕನ್ನಡದಲ್ಲಿ ನರಳಿ ದವಾಖಾನೆಯಲ್ಲಿ ಮರಾಠಿಯಲ್ಲಿ ಉತ್ತರಿಸಬೇಕಾದ, ಸೋಲಾಪುರ ಸೀಮೆಯ ಅಕ್ಕಲಕೋಟೆ, ಭಂಡಾರಕವಠೆಯ ರೋಗಿಗಳ ವಿಷಯದಲ್ಲಂತೂ ಕರ್ಮದ ಮಾತು ವೈದ್ಯರ ಕಿವಿಗೆ ಬೀಳುವುದೇ ಕಷ್ಟ. 2004ರಲ್ಲಿ ಸ್ಥಾಪನೆಯಾದ ಸೋಲಾಪುರ ವಿಶ್ವವಿದ್ಯಾಲಯದ ಸಂಶೋಧಕರು ಈ ರೋಗಿಗಳ ಜಗಲಿಯಲ್ಲಿ ಕುಳಿತು, ಅವರದೇ ನುಡಿಯಲ್ಲಿ, ರೋಗ ತಮಗೇ ಏಕೆ ಬಂದಿತೆಂಬ ಪ್ರಶ್ನೆಯನ್ನು ಕೇಳಬೇಕು.